ಕುಡಿ ಅಂದರೆ ಬಲಗಡೆ

ಪದ್ಮಾ, ನಿನ್ನ ಗಂಡ ಅಂದು ಕುಡಿದಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ — ನಿನ್ನ ಅಣ್ಣನ ಎದುರು, ರಮಣನ ಹೆಣದ ಎದುರು, ಆಮೇಲೆ ಇಷ್ಟು ವರ್ಷ ನಿನ್ನ ಎದುರು.

ಶ್ರೀನಿವಾಸಪುರದಲ್ಲಿ ಯಾರನ್ನಾದರೂ ಕೇಳು, ಆ ಬೈಕ್ ಮೆಕ್ಯಾನಿಕ್ ಬಾಯಿ ತೆಗೆದರೆ ಕಥೆ ಅನ್ನುತ್ತಾರೆ. ನಮ್ಮಜ್ಜಿ ಕೊಟ್ಟು ಹೋದ ನಾಲಿಗೆ. ಅದೇ ನಾಲಿಗೆ, ನಾಲ್ಕು ಅಕ್ಷರ ಆಡಬೇಕಾದ ಹೊತ್ತಿನಲ್ಲಿ... ಇರಲಿ. ಮೊದಲಿನಿಂದ ಹೇಳುತ್ತೇನೆ.

ರಮಣನ ಮನೆಮಾತು ತೆಲುಗು, ನನ್ನದು ಕನ್ನಡ. ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡು ಬೆಳೆದವರು ನಾವು. ಆದರೆ ಎಡ ಬಲ ಮಾತ್ರ ಅವನ ಬಾಯಲ್ಲಿ ತೆಲುಗಿನಲ್ಲೇ ಉಳಿದುಬಿಟ್ಟಿತ್ತು. ಬಲಗಡೆಗೆ ಅವನು ‘ಕುಡಿ’ ಅನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ನಾನು ಕನ್ನಡದ ಅರ್ಥ ಹಿಡಿದು ರೇಗಿಸುತ್ತಿದ್ದೆ.

ಅನು ಹುಟ್ಟಿದ ವರ್ಷ ಅವಳ ತಲೆ ಮುಟ್ಟಿ ಆಣೆಯಿಟ್ಟು ಅವನು ಕುಡಿತ ಬಿಟ್ಟ. ಆ ಖಾಲಿಯನ್ನು ತುಂಬಿದ್ದು ಆ ದೊಡ್ಡ ಬೈಕು. ಮಾವಿನ ಸುಗ್ಗಿ ಮುಗಿದು ಮಂಡಿಯ ಕೆಲಸ ಸಡಿಲವಾದೊಡನೆ ಹಿಂದೆ ಎರಡೂ ಮಗ್ಗುಲಿಗೆ ಪೆಟ್ಟಿಗೆ ಕಟ್ಟಿಕೊಂಡು ದೂರದ ಊರು ನೋಡಲು ಹೊರಟುಬಿಡುತ್ತಿದ್ದ. ಆ ಸಲ ಕಾರವಾರದ ಸಮುದ್ರ ನೋಡಬೇಕೆಂದಿದ್ದ.

ಹಿಂದಿನ ಟಯರು ಬದಲಿಸಲು ನನ್ನಲ್ಲಿಗೆ ತಂದ. ಚಕ್ರವನ್ನು ಮತ್ತೆ ಕೂರಿಸುವಾಗ ಅದರ ನಡುವೆ ಹಾಯುವ ಆಕ್ಸಲ್ ಎರಡೂ ಕಡೆ ಸಮವಾಗಿ ನಿಲ್ಲಬೇಕು. ಒಂದು ಕಡೆ ತುಸು ಹಿಂದೆ ಉಳಿದರೂ ಹಿಂದಿನ ಚಕ್ರ ಮುಂದಿನದರ ಜಾಡು ಬಿಟ್ಟು ಓರೆಯಾಗಿ ಓಡುತ್ತದೆ. ಸಮ ನೋಡಲು ಗಾಡಿಯಲ್ಲೇ ಗೆರೆಗಳಿರುತ್ತವೆ. ಆದರೆ ರಮಣನ ಗಾಡಿ ಹಿಂದೊಮ್ಮೆ ಬಿದ್ದಿದ್ದರಿಂದ ಬಲಗಡೆಯ ಗೆರೆ ನಂಬುವಂತಿರಲಿಲ್ಲ. ಅದಕ್ಕೇ ಪ್ರತಿ ಸಲ ದಾರ ಎಳೆದು ನೋಡುತ್ತಿದ್ದೆ — ಹಿಂಚಕ್ರದಿಂದ ಮುಂಚಕ್ರದವರೆಗೆ, ಎರಡೂ ಮಗ್ಗುಲಿಗೆ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ. ಮಾತಾಡುತ್ತ ಮಾಡುವ ಕೆಲಸವಲ್ಲ ಅದು.

ಅಂದು ನಾನು ಮಾತಾಡುತ್ತಿದ್ದೆ, ಪದ್ಮಾ. ಟೀ ಹಿಡಿದು ಕೂತವರಿಗೆ, ನಮ್ಮ ಮಾವ ನಂಗಲಿಯಲ್ಲಿ ಯಾರದೋ ಮದುವೆ ದಿಬ್ಬಣದ ಬಸ್ಸು ಹತ್ತಿ ಚಿತ್ತೂರಿನಲ್ಲಿ ಕಣ್ಣುಬಿಟ್ಟ ಕಥೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ನಗು ನಿಲ್ಲಿಸಿ ನೆಲಕ್ಕೆ ಬಗ್ಗಲು ಮನಸ್ಸಾಗಲಿಲ್ಲ. ಗೆರೆಗೆ ಗೆರೆ ಕೂಡಿಸಿ ನಟ್ಟು ಬಿಗಿದೆ. ಅಷ್ಟೇ.

ರಮಣ ಒಂದು ಸುತ್ತು ಹೋಗಿ ಬಂದ.

“ರೇಯ್, ಕುಡಿಗೆ ಎಳೀತದೆ ಕಣೋ. ದಾರ ಹಿಡಿದ್ಯೇನೋ?”

“ಬಿಟ್ಟು ಇಷ್ಟು ವರ್ಷ ಆದ್ರೂ ಬಾಯಿಂದ ಕುಡಿ ಹೋಗ್ಲಿಲ್ವಲ್ಲೋ ನಿಂಗೆ!” ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. “ಹಿಡಿದು ನೋಡಿದೀನಿ, ಹೋಗಲೇ. ಆ ಕಡೆ ಪೆಟ್ಟಿಗೇಲಿ ಪದ್ಮಾ ನಿಪ್ಪಟ್ಟು ಜಾಸ್ತಿ ತುಂಬಿರ್ತಾಳೆ.”

“ನೀನು ನೋಡಿದ್ಮೇಲೆ ಮುಗೀತು ಬಿಡು” ಎಂದು ಹೊರಟ.

ಹಿಡಿದು ನೋಡಿದೀನಿ — ಇದು ನನ್ನ ಮೊದಲ ಸುಳ್ಳು.

ತಿಪಟೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಗಾಡಿ ರಸ್ತೆಯ ಬಲಬದಿಗೆ ನುಗ್ಗಿ ಮೋರಿಯ ಕಟ್ಟೆಗೆ ಬಡಿಯಿತು. ಆ ಚಕ್ರದಿಂದಲೇ ಆಯಿತೆಂದು ಎದೆ ಮುಟ್ಟಿ ಹೇಳಲಾರೆ. ಅದರಿಂದಲ್ಲ ಎಂದೂ ಹೇಳಲಾರೆ. ಅವನನ್ನು ತರಲು ನಾನೂ ನಿನ್ನ ಅಣ್ಣನೂ ಹೋದೆವಲ್ಲ, ಆಸ್ಪತ್ರೆಯ ಬಾಗಿಲಲ್ಲಿ ಆ ಊರಿನ ರೈತರೊಬ್ಬರು ಕಾದಿದ್ದರು. ರಮಣನನ್ನು ಮೋರಿಯಿಂದ ಎತ್ತಿದವರು.

“ಕೊನೇವರೆಗೂ ‘ಕುಡಿ, ಕುಡಿ’ ಅಂತಾನೇ ಇದ್ರು ಸ್ವಾಮಿ. ಬಾಯಾರಿರಬೇಕು ಅಂತ ನೀರು ಹಿಡಿದೆ. ಬೇಡ ಅಂತ ತಲೆ ಆಡಿಸಿ ಗಾಡಿ ಕಡೆ ಕೈ ತೋರಿಸಿದ್ರು.”

ನಿನ್ನ ಅಣ್ಣ ಮಾಲೂರಿನವರು, ತೆಲುಗು ಬಾರದವರು. ತಲೆಯ ಮೇಲೆ ಕೈ ಹೊತ್ತು ಕುಸಿದು ಕೂತರು. “ಅಯ್ಯೋ, ಮತ್ತೆ ಶುರು ಹಚ್ಕೊಂಡ್ರಾ ಭಾವ! ಕುಡಿದೇ ಓಡಿಸಿದ್ರಾ!” ಎಂದವರು ನನ್ನ ಮುಖ ನೋಡಿದರು. “ನಿಮಗೇನಾದ್ರೂ ಗೊತ್ತಿತ್ತಾ?”

ಅರ್ಥ ನನಗೆ ಗೊತ್ತಿತ್ತು. ಆ ಜಾಗದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಲಗಡೆ, ಬಲಗಡೆ ಎಂದು ಹೇಳುತ್ತ ಹೋಗಿದ್ದಾನೆ ನನ್ನ ಗೆಳೆಯ. ಬಿಡಿಸಿ ಹೇಳಿದರೆ ಮುಂದಿನ ಪ್ರಶ್ನೆ ನನ್ನ ಕಡೆಗೇ ಬರುತ್ತಿತ್ತು — ಬಲಗಡೆ ಏನಾಗಿತ್ತು? ಯಾರು ಕೂರಿಸಿದ ಚಕ್ರ?

“ಇಲ್ಲ” ಎಂದೆ.

ಕುಡಿದು ಓಡಿಸಿ ಸತ್ತ ಎಂಬುದಷ್ಟೇ ನಮಗಿಂತ ಮೊದಲೇ ನಿಮ್ಮೂರು ಯಲ್ದೂರು ಮುಟ್ಟಿತು; ಅವನು ಆಡಿದ ಪದ ಮುಟ್ಟಲಿಲ್ಲ. ಹಿಂದೆ ಕುಡಿಯುತ್ತಿದ್ದವನ ವಿಷಯದಲ್ಲಿ ಸಾಕ್ಷಿ ಯಾರಿಗೆ ಬೇಕು? ನೀನು ಅಳಲೇ ಇಲ್ಲ, ಪದ್ಮಾ. ಹೆಣದ ಹತ್ತಿರ ಕೂತು “ಮಗು ತಲೆ ಮುಟ್ಟಿ ಹೇಳಿದ್ರಲ್ಲ” ಎಂದು ಒಂದೇ ಒಂದು ಸಲ ಕೇಳಿದೆ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ನಿನ್ನ ಮನೆಯ ಗೋಡೆಯ ಮೇಲೆ ಅವನ ಪಟ ಇಂದಿಗೂ ಇಲ್ಲ. ಹಬ್ಬಕ್ಕೆ ಬಂದಾಗಲೆಲ್ಲ ಆ ಬರಿಯ ಗೋಡೆಗೆ ಬೆನ್ನು ಹಾಕಿ ಕೂತು ನೀನು ಬಡಿಸಿದ ಒಬ್ಬಟ್ಟು ತಿಂದಿದ್ದೇನೆ. ಅಣ್ಣಾ, ಇನ್ನೊಂದು ಹಾಕಿಸ್ಕೊಳ್ಳಿ ಅನ್ನುತ್ತಿದ್ದೆ ನೀನು. ಹಾಕಿಸಿಕೊಂಡಿದ್ದೇನೆ.

ಹೋದ ವಾರ ಅನು ಸ್ಕೂಟಿಗೆ ಗಾಳಿ ಹಾಕಿಸಲು ಬಂದಿದ್ದಳು. ಗಾಳಿ ಹಾಕಿದ ಮೇಲೂ ಹೋಗಲಿಲ್ಲ.

“ದೊಡ್ಡಪ್ಪಾ, ಅಪ್ಪ ನನ್ನ ತಲೆ ಮುಟ್ಟಿ ಆಣೆ ಇಟ್ಟಿದ್ದು ನಿಜಾನಾ?”

“ಹೌದು ಕಣಮ್ಮ. ನಾನೇ ನೋಡಿದೀನಿ.”

“ಹಂಗಾದ್ರೆ ನಾನು ಅಷ್ಟು ಬೇಡವಾಗಿದ್ನಾ ಅವ್ರಿಗೆ?”

ಕಣ್ಣಲ್ಲಿ ನೀರಿರಲಿಲ್ಲ. ಯಾವತ್ತೋ ತೀರ್ಮಾನಿಸಿದ್ದನ್ನು ಸುಮ್ಮನೆ ಖಚಿತ ಮಾಡಿಕೊಳ್ಳುವಂತೆ ಕೇಳಿದಳು. ನನ್ನನ್ನು ನಾನು ಉಳಿಸಿಕೊಳ್ಳಲು ಸತ್ತವನ ಹೆಸರನ್ನು ಬಲಿ ಕೊಟ್ಟೆ ಎಂದಷ್ಟೇ ತಿಳಿದಿದ್ದೆ. ಬದುಕಿರುವ ಮಗುವಿನಿಂದ ಅಪ್ಪನ ಪ್ರೀತಿಯನ್ನೇ ಕಿತ್ತುಕೊಂಡಿದ್ದೆ. ಆಗಲೂ — ಆಗಲೂ ನಾನು ಬಗ್ಗಿ ಅವಳ ಟಯರಿನ ಗಾಳಿಯನ್ನೇ ಮತ್ತೆ ಒತ್ತಿ ನೋಡಿದೆ, ಪದ್ಮಾ. ಅವಳು ಗಾಡಿ ಹತ್ತಿ ಹೊರಟುಹೋದಳು.

ಭಯವಾಗಿತ್ತು, ಸಂಸಾರವಿತ್ತು ಎಂದೆಲ್ಲ ಬರೆದು ಹೊಡೆದುಹಾಕಿದ್ದೇನೆ. ಭಯ ನಿನಗೂ ಇತ್ತು, ಸಂಸಾರ ನಿನಗೂ ಇತ್ತು.

ನಾಳೆ ಅಂಗಡಿಯ ಮುಂದೆ ಟೀಗೆ ಸೇರುವವರಿಗೆ ಇದನ್ನು ಹೇಳುತ್ತೇನೆ. ನಿನ್ನ ಅಣ್ಣನಿಗೆ ಮಾಲೂರಿಗೇ ಹೋಗಿ ಹೇಳುತ್ತೇನೆ. ಅದಕ್ಕೂ ಮೊದಲು ನಿನ್ನ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಡ. ಜಗಲಿಯ ಕೆಳಗೇ ನಿಂತು, ನಿಮ್ಮಪ್ಪ ಆಣೆ ಮುರಿಯಲಿಲ್ಲ ಎಂದು ಅನುಗೆ ನನ್ನ ಬಾಯಿಂದಲೇ ಹೇಳಿ ಹೋಗುತ್ತೇನೆ. ಆಮೇಲೆ ಅವಳು ನನ್ನನ್ನು ದೊಡ್ಡಪ್ಪ ಎನ್ನದಿದ್ದರೆ ಅದು ನ್ಯಾಯವೇ.