ಕೊನೆಯ ಗರಿಯ ಮಸಿ

ಸತ್ತವರ ಬಗ್ಗೆ ಹೇಳುವ ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮಣ್ಣ ಅರಸೀಕೆರೆಯಲ್ಲಿ ಹೈಸ್ಕೂಲು ಮೇಷ್ಟರಾಗಿದ್ದ. ರಜೆ ಬಂತೆಂದರೆ ಸುತ್ತಲಿನ ಮಠಗಳಲ್ಲಿ ಓಲೆಗರಿ ಹುಡುಕುತ್ತಿದ್ದ. ಹಿಂದೆ ಯುರೋಪಿನ ವಿದ್ವಾಂಸರು ಬೆಟ್ಟ ಹತ್ತಿ, ಮರಳುಗಾಡು ದಾಟಿ, ಕ್ರೈಸ್ತ ಸನ್ಯಾಸಿಗಳ ಮಠಗಳಲ್ಲಿ ಹಳೆಯ ಗ್ರೀಕ್ ಹಸ್ತಪ್ರತಿಗಳನ್ನು ಹುಡುಕಿದ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೇಳುವನು. "ಓದಿ ಕೊಡ್ತೀವಿ ಅಂತ ಒಯ್ದವರು ಕೆಲವರು ವಾಪಸ್ ಕೊಡಲೇ ಇಲ್ಲ ಕಣೇ. ನಾನು ಹಾಗಾಗಬಾರದು" ಎನ್ನುತ್ತಿದ್ದ.

ತೊಂಬತ್ತರ ದಶಕದ ಕೊನೆಯಲ್ಲಿ ಜಾವಗಲ್ ಹತ್ತಿರದ ಸಣ್ಣ ಮಠದಿಂದ ಒಂದು ಕಟ್ಟು ತಂದ. ಮಠ ನೋಡಿಕೊಳ್ಳುತ್ತಿದ್ದ ಅಜ್ಜನದು ಒಂದೇ ಷರತ್ತು: ಪ್ರತಿ ಗರಿಗೂ ಮಸಿ ಹಚ್ಚಿ ತರಬೇಕು. ಓಲೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ ಹಾಗೇ ಕಾಣುವುದಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಸವರಿ, ಒರೆಸಿದರೆ ಗೀರುಗಳಲ್ಲಿ ಕಪ್ಪು ನಿಂತು ಎದ್ದು ಬರುತ್ತದೆ. ಅಣ್ಣ ದಿನಕ್ಕೆರಡು ಗರಿಯಂತೆ ಮಾಡುತ್ತಾ ಬಂದ. ಒಂದೇ ಒಂದು ಉಳಿದಿತ್ತು. ಅದಕ್ಕೆ ಮಸಿ ಹಚ್ಚಬೇಕಿದ್ದ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಕಟ್ಟನ್ನು ಒಪ್ಪಿಸಲು ನಾನೇ ಹೊರಟೆ. ಮಸಿ ಹಚ್ಚುವುದು ನನಗೆ ಬಾರದು. ಗರಿ ಮುರಿದೀತೆಂಬ ಭಯ ಬೇರೆ. ಹೊರಡುವ ಮುಂಚೆ ಕೊನೆಯ ಗರಿ ನೋಡಿದೆ. ಬೋಳಾಗಿ, ಒಣಹುಲ್ಲಿನ ಬಣ್ಣದಲ್ಲಿತ್ತು. ದಾರ ಸುತ್ತಿ, ಕೆಂಪು ಬಟ್ಟೆಯಲ್ಲಿ ಗಂಟು ಹಾಕಿದೆ. ಬಸ್ಸಿನಲ್ಲಿ ಮಡಿಲಿನಿಂದ ಇಳಿಸಲಿಲ್ಲ.

ಅಜ್ಜನಿಗೆ ಸುದ್ದಿ ತಲುಪಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟು ಬಿಚ್ಚಿ, ಮಧ್ಯಾಹ್ನದ ಬೆಳಕಿಗೆ ಹಿಡಿದು, ಗರಿಗಳನ್ನು ಒಂದೊಂದಾಗಿ ತಿರುವಿದರು. ಕೊನೆಯದಕ್ಕೆ ಬಂದು ಕೈ ನಿಂತಿತು. ಕ್ಷಮೆ ಕೇಳಲೆಂದು ತಲೆ ತಗ್ಗಿಸಿದೆ.

"ಇದೇನು ತಾಯಿ, ಮಸಿ ಇನ್ನೂ ಹಸಿಯಾಗೈತೆ" ಎಂದು ಬೆರಳು ತೋರಿಸಿದರು. ಕಪ್ಪಾಗಿತ್ತು. "ಒಣಗಿಸೋಕೂ ಪುರುಸೊತ್ತಿಲ್ವಾ ನಿಮ್ ಮೇಷ್ಟ್ರಿಗೆ? ಮಠವೇನು ಓಡೋಯ್ತದಾ?"

ನೋಡಿದೆ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರ. ಎಣ್ಣೆಯ ವಾಸನೆ ಬರುತ್ತಿತ್ತು. ನನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡೆ. ಒಂದು ಕಲೆಯೂ ಇರಲಿಲ್ಲ.

"ಅಣ್ಣ ಹೋಗಿ ಹದಿನಾರು ದಿನ ಆಯ್ತು ಅಜ್ಜ" ಎಂದೆ.

ಅವರು ಬೆರಳನ್ನು ಒರೆಸಿಕೊಳ್ಳಲಿಲ್ಲ. ಗರಿಯನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯ ನೆರಳಲ್ಲಿಟ್ಟರು.

ಬೆಳಿಗ್ಗೆ ನಾನು ಸರಿಯಾಗಿ ನೋಡಿರಲಿಲ್ಲವೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ಮಸಿ ಒಣಗುವವರೆಗೆ ನಾವಿಬ್ಬರೂ ಅಲ್ಲೇ ಕೂತಿದ್ದೆವು, ಅಷ್ಟು ಮಾತ್ರ ಗೊತ್ತು.