ಮುನಾಫನ ಜೋಡಿಗೆ ನಿಂತ ಹಣಮಪ್ಪ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗೋವಾದ ಮುರ್ಮುಗಾಂವ್ ಬಂದರಿಗೆ ಹೋಗುವ ರಸ್ತೆ ಬದಿಯ ಗೋದಾಮಿನಲ್ಲಿ ಹಣಮಪ್ಪ ತಲೆಗೆ ಟವೆಲ್ ಬಿಗಿದು, ಐವತ್ತು ಕೆಜಿ ಗೊಬ್ಬರದ ಚೀಲದ ಒಂದು ತುದಿ ಹಿಡಿಯುತ್ತಾರೆ. ಇನ್ನೊಂದು ತುದಿಗೆ ಮುನಾಫ. "ಹೂಂ" ಎನ್ನುತ್ತಲೇ ಚೀಲ ತೂಗಿ ಲಾರಿಗೆ ಬೀಳುತ್ತದೆ. ಇವರಿಗೆ ಐವತ್ತೆಂಟು, ಅವನಿಗೆ ಇಪ್ಪತ್ತೆರಡು. ನೋಡಿದವರಿಗೆ ನಗು ಬರುವಂಥ ಜೋಡಿ.

ಹಣಮಪ್ಪ ಈ ಹಮಾಲರ ಗ್ಯಾಂಗಿನ ಮುಕಾದಮ. ಬಾದಾಮಿ ಕಡೆಯಿಂದ ಬಂದು ಝುವಾರಿನಗರದಲ್ಲಿ ನೆಲೆ ನಿಂತು ಮೂವತ್ತು ವರ್ಷ. ಭುಜ ಕೈಕೊಟ್ಟ ಮೇಲೆ ಚೀಲ ಬಿಟ್ಟು, ಆಳು ಹೊಂದಿಸುವ ಕೆಲಸಕ್ಕೆ ನಿಂತವರು. ನೆರಳಲ್ಲಿ ಕೂತು ಚಹಾ ಕುಡಿಯುವ ಯೋಗ ಒಲಿದು ಬಂದಿತ್ತು. ಅದನ್ನು ಬಿಟ್ಟು ಈಗ ಮತ್ತೆ ಚೀಲಕ್ಕೆ ಕೈ ಹಾಕಿದ್ದಾರೆ.

ಕಾರಣ ಒಂದೇ ಒಂದು ಶಬ್ದ. ಮಳೆಗಾಲಕ್ಕೆ ಮುಂಚೆ, ಒಂದರ ಮೇಲೊಂದು ಪೇರಿಸಿದ ಚೀಲದ ಥಪ್ಪಿ ಕುಸಿದು ಹುಲಿಗೆಪ್ಪ ಎಂಬ ಹಮಾಲನ ಕಾಲು ಮುರಿಯಿತು. ಆಸ್ಪತ್ರೆಗೆ ಒಯ್ಯಲು ಗಾಡಿ ಕೇಳಿದರೆ ಗೋದಾಮಿನವರು ಯಾರೂ ಕೊಡಲಿಲ್ಲ. ಮುನಾಫ ಅವನನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದ. ಅದೇ ಸಿಟ್ಟಿನಲ್ಲಿ ಫೋನ್ ಎತ್ತಿ, ಮಾಲೀಕರನ್ನು ಬಾಯಿಗೆ ಬಂದಂತೆ ಬೈದು, "ನಾಳಿ ಗೇಟಿಗೆ ಬೀಗ ಜಡೀತೀನಿ, ಯಾರು ತಡೀತೀರಿ ಬರ್ರಿ" ಎಂದು ಕೂಗಾಡಿ ವಿಡಿಯೊ ಹಾಕಿದ. ಆಗ ಮುನಾಫನ ಜೋಡಿಯಾಗಿದ್ದವನು ಹಣಮಪ್ಪನವರ ಮಗ ಬಾಳು. ಅವನು ಆ ವಿಡಿಯೊವನ್ನು ಗ್ಯಾಂಗಿನ ಗ್ರೂಪಿಗೆ ಹಾಕಿ, "ನಮ್ಮ ಟೆರರಿಸ್ಟ್ ನೋಡ್ರಿ" ಎಂದು ಬರೆದ. ಬರೀ ಚೇಷ್ಟೆಗೆ. ಸಂಜೆಯೊಳಗೆ ಆ ಶಬ್ದ ಝುವಾರಿನಗರದ ಫೋನುಗಳನ್ನೆಲ್ಲ ಸುತ್ತಿತ್ತು. ಅದು ಚೇಷ್ಟೆ ಎಂಬುದು ಮಾತ್ರ ಯಾರಿಗೂ ತಲುಪಲಿಲ್ಲ.

ಪೊಲೀಸರು ಕರೆದು ವಿಚಾರಿಸಿ, ಏನೂ ಇಲ್ಲವೆಂದು ಕಳಿಸಿದರು. ಜನ ಬಿಡಬೇಕಲ್ಲ. ಚೀಲದ ಕೆಲಸ ಜೋಡಿಯದು. ಜೋಡಿ ಸಿಗದವನಿಗೆ ಅಂದು ಕೆಲಸವಿಲ್ಲ ಎಂಬುದು ಹಮಾಲರ ಕಟ್ಟಳೆ. ಮುನಾಫನ ಜೊತೆ ನಿಲ್ಲಲು ಯಾರೂ ಒಪ್ಪಲಿಲ್ಲ. ಹೆದರಿದ ಬಾಳುವೂ ಹಿಂದೆ ಸರಿದ. ಜೋಡಿಯಿಲ್ಲದವನನ್ನು ಊರಿಗೆ ಕಳಿಸಿ ಎಂದು ಸೂಪರ್‌ವೈಸರ್ ಹೇಳಿದ ದಿನವೇ ಹಣಮಪ್ಪ ಅಂಗಿ ಬಿಚ್ಚಿಟ್ಟು ಚೀಲಕ್ಕೆ ನಿಂತರು.

"ಹುಡುಗ್ರು ಸಿಟ್ಟಿಗೆದ್ರ ಬೈತಾರ್ರಿ. ನಾವೂ ಭಾಳ ಬೈದೇವಿ. ಆಗ ಫೋನ್ ಇರಲಿಲ್ಲ, ಬೈದಿದ್ದು ಅಲ್ಲೇ ಹೋತು," ಎನ್ನುತ್ತಾರೆ. "ಬಾಂಬ್ ಹಾಕಿ ಜನಾ ಕೊಂದವರಿಗೆ ಅನ್ನೋ ಮಾತದು. ಹುಲಿಗೆಪ್ಪನ್ನ ಹೊತ್ಕೊಂಡು ಹೋದಂವಗ ಅಂದ್ರ ಹೆಂಗ್ರಿ?"

ಮುನಾಫನದು ಈಗ ಮಾತು ಕಡಿಮೆ. "ಕಾಕಾನ ಭುಜ ನೋಡಿದ್ರ ಸಂಕಟ ಆಗ್ತೈತ್ರಿ. ಊರಿಗೆ ಹೋಗ್ತೀನಿ ಅಂದ್ರ ನನಗ ಬೈತಾರ."

ಮನೆಯಲ್ಲಿ ಹೆಂಡತಿ ಸುಂದರವ್ವ ಗಂಡನ ಭುಜಕ್ಕೆ ಎಣ್ಣೆ ತಿಕ್ಕುತ್ತ ಗೊಣಗುತ್ತಾರೆ: "ಮಗಾ ಮಾಡಿದ್ದಕ್ಕ ಇವ್ರು ದಂಡಾ ಕಟ್ಟಾಕತ್ತಾರ ನೋಡ್ರಿ."

ಬಾಳು ಬರೆದದ್ದನ್ನು ಎಂದೋ ಅಳಿಸಿದ್ದಾನೆ. ಪಕ್ಕದ ಲಾರಿಗೆ ಚೀಲ ಹಾಕುತ್ತಾನೆ, ಈ ಕಡೆ ತಲೆ ಎತ್ತುವುದಿಲ್ಲ. ಅಪ್ಪನೂ ಕರೆಯುವುದಿಲ್ಲ.

ಈ ಭುಜ ಇಟ್ಟುಕೊಂಡು ಎಷ್ಟು ದಿನ ಎಂದರೆ ಹಣಮಪ್ಪ ಮುಂದಿನ ಚೀಲಕ್ಕೆ ಬಾಗುತ್ತಾರೆ.

"ನಾ ಅವಂಗ ಬಾ ಅನ್ನಂಗಿಲ್ರಿ. ತಾನಾಗೇ ಬಂದು, 'ಅಪ್ಪಾ, ನೀ ಅತ್ತ ಸರಿ' ಅಂದು ಈ ತುದಿ ಹಿಡೀಬೇಕು. ಅಲ್ಲೀತನಕಾ ನಾ ಕೈ ಬಿಡಾಂವಲ್ಲ."