ಬೆರಳಿಗೆ ಸಿಗದ ಹೆಸರು

ನನ್ನ ಮೇಜಿನ ಮೇಲೊಂದು ಹಳೆಯ ಮರದ ತಟ್ಟೆಯಿದೆ. ಉದ್ದಕ್ಕೂ ಅಡ್ಡಕ್ಕೂ ಪುಟ್ಟ ಪುಟ್ಟ ಖಾನೆಗಳು. ಗುಂಡಿ, ಪಿನ್ನು, ಉಳಿದ ಮಾತ್ರೆ, ಕೀಲಿ ಕಳೆದುಕೊಂಡ ಬೀಗ, ಹೀಗೆ ಬೇರೆಲ್ಲೂ ಜಾಗ ಸಿಗದವೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದೀತು. ಇದರಲ್ಲಿ ಮಾತ್ರ ಒಂದು ಕಾಲಕ್ಕೆ ಅಚ್ಚಿನ ಮೊಳೆಗಳಿದ್ದವು, ತುದಿಯಲ್ಲಿ ಒಂದೊಂದು ಅಕ್ಷರ ಉಬ್ಬಿದ ಸೀಸದ ತುಂಡುಗಳು. ಅಗ್ರಹಾರದಲ್ಲಿ ನಮ್ಮ ಮನೆಯೆದುರಿನ ಮುದ್ರಣಾಲಯದಲ್ಲಿ ಜೀವಮಾನವಿಡೀ ಮೊಳೆ ಜೋಡಿಸಿದ ಚೆಲುವಯ್ಯನವರು, ಅದು ಬಾಗಿಲು ಹಾಕಿದ ದಿನ ಇದನ್ನು ನನ್ನ ಕೈಗಿತ್ತರು.

ಜೋಡಿಸಿದ ಸಾಲನ್ನು ಕಣ್ಣಿಗಿಂತ ಮೊದಲು ಹೆಬ್ಬೆರಳಿನಿಂದ ಸವರಿ ನೋಡುವುದು ಅವರ ರೂಢಿ. ಒಂದು ಮೊಳೆ ಕುಸಿದಿದ್ದರೂ ಬೆರಳಿಗೆ ಗೊತ್ತಾಗುತ್ತಿತ್ತು. ಊರವರ ಲಗ್ನಪತ್ರಿಕೆಗಳಿಗೆಲ್ಲ ಹೆಸರು ಕೂಡಿಸಿದ ಅವರ ಹೆಸರು ಮಾತ್ರ ಎಲ್ಲೂ ಅಚ್ಚಾಗಿರಲಿಲ್ಲ, ಅವರ ಮದುವೆಗೆ ಪತ್ರಿಕೆಯೇ ಇರಲಿಲ್ಲವಂತೆ. ಇಳಿವಯಸ್ಸಿನಲ್ಲಿ ಕಣ್ಣಿನ ನರ ಸೊರಗತೊಡಗಿತು. ನಮ್ಮ ಬೀದಿಯ ವಾಚನಾಲಯ ಓದುಗರಿಗೆ ಹೊಸ ಕಾರ್ಡು ಕೊಡುತ್ತದೆಂದು ತಿಳಿದಾಗ, ತಮ್ಮ ಹೆಸರು ಕನ್ನಡದಲ್ಲೇ ಇರಲಿ, ದೃಷ್ಟಿ ಇರುವಷ್ಟರಲ್ಲಿ ಒಮ್ಮೆ ನೋಡಿಬಿಡುತ್ತೇನೆ ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಕಾರ್ಡು ಮುದ್ರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದವಳು ನಾನು.

ಜಾಗ್ರತೆಯಿಂದಲೇ ಬರೆದಿದ್ದೆ. ಇಂಗ್ಲಿಷಿನ ಅಕ್ಷರಕ್ಕೆ ಕಂಪ್ಯೂಟರಿನ ನೆನಪಿನಲ್ಲಿ ಒಂದು ಬೈಟು ಜಾಗ ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಮೂರನ್ನೂ ಕೂಡಿಸಿ ಓದು, ಇದು ಕನ್ನಡದ ಸೀಮೆ ಎಂದು ಯಂತ್ರಕ್ಕೆ ಮೊದಲೇ ತಿಳಿಸಿದ್ದೆ. ಆಮೇಲೆ, ಹೆಸರಿನೊಳಗೆ ಕಸಕಡ್ಡಿ ಸೇರದಿರಲೆಂದು, ಒಂದೊಂದು ಅಕ್ಷರವನ್ನೂ ವಿಚಾರಿಸುವಂತೆ ಮಾಡಿದೆ: ನೀನು ಚಿಕ್ಕಕ್ಷರವೋ, ಇಲ್ಲ ದೊಡ್ಡಕ್ಷರವೋ? ಎರಡೂ ಅಲ್ಲದಿದ್ದರೆ ತೆಗೆದುಹಾಕು. ಇಂಗ್ಲಿಷಿನ a, A ಗಳಂಥ ಆ ಭೇದವೇ ಕನ್ನಡದಲ್ಲಿಲ್ಲ. ಯಂತ್ರ ಎರಡಕ್ಕೂ ಅಲ್ಲವೆಂದು ಸತ್ಯವನ್ನೇ ನುಡಿದು, ಕನ್ನಡದ ಅಕ್ಷರಗಳನ್ನೆಲ್ಲ ತೆಗೆದುಹಾಕಿತು; ಕೇಳಬಾರದ್ದನ್ನು ಕೇಳಿದವಳು ನಾನು. ದಿನವಿಡೀ ಕನ್ನಡದಲ್ಲೇ ಹರಟುವ ನಾವು ನಾಲ್ವರು ಸಹೋದ್ಯೋಗಿಗಳು, ಪ್ರೋಗ್ರಾಂ ಪರೀಕ್ಷಿಸಲು ಕೂತಾಗ ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲೇ ಒತ್ತಿದ್ದೆವು; ಅವು ಸರಿಯಾಗಿಯೇ ಬಂದಿದ್ದವು. ಹೇಳಲು ನಾಚಿಕೆಯಾಗುತ್ತದೆ. ನಮ್ಮ ಪ್ರಶ್ನೆಗೆ ಒಗ್ಗದವರನ್ನು ಇಲ್ಲವೆಂದೇ ಬಗೆಯುವ ಚಾಳಿ ಎಷ್ಟು ಸಲೀಸಾಗಿ ಕೈಗೆ ಹತ್ತುತ್ತದೆಂದು ಈಗ ಯೋಚಿಸುತ್ತೇನೆ.

ಕಾರ್ಡಿನಲ್ಲಿ ಚೆಲುವಯ್ಯನವರ ಫೋಟೋ ಇತ್ತು, ಕೆಳಗೆ ಬರೀ ಬಿಳುಪು. ಕಣ್ಣಿನ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿ, "ಇರ್ಲಿ ಬುಡಮ್ಮ. ನಾನೂ ಎಷ್ಟೋ ಮೊಳೆ ತಪ್ಪು ಕೂರ್ಸಿದ್ದೀನಿ. ಆದ್ರೆ ಹೆಸ್ರನ್ನೇ ಬಿಟ್ಟಿರ್ಲಿಲ್ಲ ಕಣಮ್ಮ" ಅಂದರು.

ತಿದ್ದುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ನನಗೆ ಒದಗಿ ಬರಲು ನಾಲ್ಕು ತಿಂಗಳು ಹಿಡಿಯಿತು. ಬೇರೆ ಕೆಲಸಗಳಿದ್ದವು, ನಾಳೆ ಮಾಡಿದರಾಯಿತು ಎಂಬ ಉದಾಸೀನವೂ ಇತ್ತು.

ಹೊಸ ಕಾರ್ಡು ಒಯ್ದಾಗ ಅವರು ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಕಾರ್ಡನ್ನು ಅಂಗೈಯಲ್ಲಿಟ್ಟೆ. ಹೆಬ್ಬೆರಳು ಎಡದಿಂದ ಬಲಕ್ಕೆ ನಿಧಾನವಾಗಿ ಹರಿಯಿತು, ಮತ್ತೊಮ್ಮೆ ಹರಿಯಿತು. ನುಣ್ಣನೆಯ ಪ್ಲಾಸ್ಟಿಕ್ಕು.

"ಈ ಸಲಾನೂ ಏನೂ ಬಂದಿಲ್ವಲ್ಲಮ್ಮ."

ಬಂದಿದೆ ಎಂದೆ, ಒಂದೊಂದೇ ಅಕ್ಷರ ಓದಿ ಹೇಳಿದೆ. ನನ್ನ ಸಮಾಧಾನಕ್ಕೆ ಹೂಂಗುಟ್ಟಿ, ಕಾರ್ಡನ್ನು ಮತ್ತೆ ನನ್ನ ಕೈಯಲ್ಲೇ ಇಟ್ಟರು.

ಅದೀಗ ಈ ತಟ್ಟೆಯಲ್ಲಿ, ಗುಂಡಿ ಪಿನ್ನುಗಳ ಮೇಲೆ ಅಡ್ಡಲಾಗಿ ಬಿದ್ದಿದೆ. ಒಮ್ಮೊಮ್ಮೆ ಕಣ್ಣು ಮುಚ್ಚಿ ಅದರ ಮೇಲೆ ಹೆಬ್ಬೆರಳು ಆಡಿಸುತ್ತೇನೆ. ಅವರು ಹೇಳಿದ್ದು ನಿಜ, ಏನೂ ಸಿಗುವುದಿಲ್ಲ.